ಹತ್ತು ದಿನದಾಗ ಒಂದೂ ಛಲೋ ದಿನ ಇಲ್ಲ

ಮಾನವಿಯ ಗೋಪಾಲಕೃಷ್ಣಾಚಾರ್ರ ಬಾಯಾಗ ‘ಆಗಂಗಿಲ್ಲ’ ಅನ್ನೋ ಮಾತು ಬಂದದ್ದನ್ನ ಊರ ಮಂದಿ ಕೇಳೇ ಇದ್ದಿಲ್ಲ. ಬೆಳಿಗ್ಗಿ ಪ್ರಾಣದೇವರ ಗುಡಿ ಪೂಜಾ ಮುಗಿಸಿ ಬಂದು ಮನಿ ಕಟ್ಟಿ ಮ್ಯಾಲೆ ಕೂತರಂದ್ರ ಮುಂದ ಸಾಲು. ಬೋರ್ ಹಾಕಸೋರು, ಟ್ರ್ಯಾಕ್ಟರ್ ತರೋರು, ಅಂಗಡಿ ಬಾಗಲಾ ತಗಿಯೋರು, ಎಮ್ಮಿ ಮಾರೋರು, ಎಲ್ಲಾರಿಗೂ ಇವರೇ ದಿನ ನೋಡಿ ಕೊಡಬೇಕು. ಮೂವತ್ತು ವರ್ಷ ಕೊಟ್ಟಾರ. ಯಾವ ದಿನ ಕೇಳಿದ್ರೂ ಪಂಚಾಂಗದಾಗ ಎಲ್ಲೋ ಒಂದು ಸಂದಿ ಹುಡುಕಿ, ಅದರಾಗ ಆ ಮನುಷ್ಯಾನ್ನ ಅವನ ಎಮ್ಮಿ ಸಮೇತ ದಾಟಿಸಿಬಿಡೋರು. ಆಷಾಢದಾಗ ಮೋಟರ್ ಸೈಕಲ್ ತರ್ತೀನಿ ಅಂದವನಿಗೂ, ‘ಆತು, ಗಾಲಿ ಕೆಳಗ ನಿಂಬಿಹಣ್ಣ ಇಟ್ಟು ತಗೊಂಡು ಬಾ’ ಅಂದು ಕಳಿಸಿದ ಪುಣ್ಯಾತ್ಮರು.

ಇಂಥಾವರಿಗೆ ತಮ್ಮ ಸ್ವಂತ ಮಗಳ ಸಲುವಾಗಿ ಹತ್ತು ದಿನದಾಗ ಒಂದ ದಿನ ಸಿಗಲಿಲ್ಲ ಅಂದ್ರ ನಂಬ್ತೀರೇನು? ನಂಬ್ರಿ. ನಡದದ್ದೇ ಹಂಗ.

ಮಗಳ ಹೆಸರು ಶ್ರೀವಲ್ಲಿ. ಒಬ್ಬಾಕೇ ಮಗಳು, ಇಪ್ಪತ್ನಾಕು ವರ್ಷ. ಆಕಿ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷಾಕ್ಕ ಅರ್ಜಿ ಹಾಕಿದಾಗ ಆಚಾರ್ರು ಬ್ಯಾಡ ಅಂದಿದ್ದಿಲ್ಲ. ಬರೀಲಿ, ಎಷ್ಟೋ ಸಾವಿರ ಮಂದಿ ಬರೀತಾರ, ಎಲ್ಲಾರಿಗೂ ಸಿಗತದೇನು ಅಂತ ಧೈರ್ಯದಾಗ ಇದ್ರು. ತಾವೇ ಜೋಡಿ ರಾಯಚೂರಿಗೆ ಹೋಗಿ, ಪರೀಕ್ಷಾ ಮುಗಿಯೋ ತನಕ ಕಾಲೇಜಿನ ಬೇವಿನ ಗಿಡದ ಕೆಳಗ ಕೂತು ಜಪಾ ಮಾಡಿದ್ರು. ಮಗಳು ಪಾಸಾಗ್ಲಿ ಅಂತನೂ ಬೇಡ್ಕೊಂಡ್ರು, ಭಾಳ ಛಂದಾಗಿ ಪಾಸಾಗೋದು ಬ್ಯಾಡ ಅಂತನೂ ಬೇಡ್ಕೊಂಡ್ರು. ದೇವರು ಮೊದಲನೇದನ್ನಷ್ಟೇ ಕೇಳಿಸ್ಕೊಂಡ.

ಒಂದು ಶನಿವಾರ ಆರ್ಡರ್ ಬಂತು. ದೇವದುರ್ಗ ತಾಲೂಕು. ಹತ್ತು ದಿನದಾಗ, ಅಂದ್ರ ಮುಂದಿನ ವಾರ ದಾಟಿ ಬರೋ ಮಂಗಳವಾರ ಸಂಜಿ ಐದರೊಳಗ, ಮೂಲ ಕಾಗದಪತ್ರ ತಗೊಂಡು ಹಾಜರಾಗಬೇಕು. ತಪ್ಪಿದ್ರ ಆರ್ಡರ್ ರದ್ದು.

“ಅಪ್ಪಾ, ನನ್ನ ಜೋಡಿ ಪರೀಕ್ಷಾ ಬರದ ಕಲ್ಮಲದ ಶಿವಗಂಗಾಗೂ ದೇವದುರ್ಗನೇ ಸಿಕ್ಕದ. ಇಬ್ರೂ ಕೂಡಿ ಖೋಲಿ ಹಿಡೀತೀವಿ. ನೋಡ್ರಿ, ಫೋಟೋ ಕಳಿಸ್ಯಾಳ,” ಅಂತ ಶ್ರೀವಲ್ಲಿ ಮೊಬೈಲ್ ಮುಂದ ಹಿಡಿದಳು.

ಆಚಾರ್ರು ನೋಡಿದ್ರು. ಒಂದು ಖೋಲಿ, ಒಂದು ಕಿಟಕಿ, ಗ್ವಾಡಿಗೆ ತಿಳಿ ಹಸರು ಬಣ್ಣ. “ಖೋಲಿ ಯಾಕ ಬೇಕು? ಇಲ್ಲಿಂದನೇ ದಿನಾಲು ಹೋಗಿ ಬಂದು ಮಾಡು,” ಅಂದ್ರು.

“ಹೋಗಲಿಕ್ಕೆ ಎರಡು ತಾಸು, ಬರಲಿಕ್ಕೆ ಎರಡು ತಾಸು. ನಡುವ ಹೊಲ ಹೊಲ ತಿರುಗಿ ಬೆಳಿ ಸರ್ವೇ ಮಾಡಬೇಕು. ಮತ್ತ ಅಪ್ಪಾ, ನನಗ ಇರಬೇಕನಸ್ತದ.”

“ಏನು ಇರಬೇಕನಸ್ತದ?”

“ನಾನೇ ಇರಬೇಕನಸ್ತದ. ನನ್ನ ಖೋಲಿ, ನನ್ನ ಕೆಲಸ, ನನ್ನ ಅಡಗಿ.”

“ನಿನಗ ಸಾರು ಮಾಡ್ಲಿಕ್ಕೆ ಬರಂಗಿಲ್ಲ!” ಅಂದ್ರು ಆಚಾರ್ರು, ವಾದ ಗೆದ್ದವರಂಗ.

“ಅದೂ ಕಲೀತೀನಿ,” ಅಂದಳು.

ಆ ಹೊತ್ತಿಗೆ ‘ಕಳಸಂಗಿಲ್ಲ’ ಅಂದುಬಿಟ್ಟಿದ್ರ ಜಗಳಾಡಿ ಮುಗಸಬಹುದಿತ್ತು. ಆದ್ರ ಆಚಾರ್ರಿಗೆ ಹಂಗನ್ನೋ ಎದಿ ಇಲ್ಲ. ಮಗಳಂದ್ರ ಜೀವ, ಆಕಿ ಮಾರಿ ಸಣ್ಣಾದ್ರ ಇವರಿಗೆ ಅನ್ನ ಇಳಿಯಂಗಿಲ್ಲ. ಅದಕ್ಕ ಗಂಟಲಾ ಸರಿಮಾಡ್ಕೊಂಡು, ತಮ್ಮ ಬಾಯಿಂದ ಏನೂ ಅನ್ನದೇ, ಪಂಚಾಂಗದ ಬಾಯಿಂದ ಅನ್ನಿಸೋ ಹಂಚಿಕಿ ಹಾಕಿದ್ರು. “ಆತು, ದಿನ ನೋಡೋಣು. ಪಂಚಾಂಗ ತಾ, ಓದು.”

ಓದೋದು ಯಾಕ ಮಗಳೇ ಓದಬೇಕಂದ್ರ, ಆಚಾರ್ರ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರಿ ಬಂದು ಎರಡು ವರ್ಷ ಆಗಿತ್ತು. ಆಪರೇಷನ್ನಿಗೂ ಅವರಿಗೆ ಒಳ್ಳೆ ದಿನ ಸಿಕ್ಕಿದ್ದಿಲ್ಲ ಅನ್ರಿ. ಪಂಚಾಂಗದ ಆ ಸಾಸಿವಿಯಂಥಾ ಅಕ್ಷರ ಕಾಣೋದು ಎಲ್ಲಿಂದ? ಬೆಳಿಗ್ಗಿ ಮಗಳು ಓದೋದು, ಇವರು ಕಣ್ಣು ಮುಚ್ಚಿ ಕೇಳಿ ಮಂದಿಗೆ ಹೇಳೋದು, ಹಂಗ ನಡದಿತ್ತು.

ಶ್ರೀವಲ್ಲಿ ಓದಿದಳು. “ಸೋಮವಾರ, ಅಷ್ಟಮಿ.”

“ಅಷ್ಟಮಿ ದಿನ ಹೊರಬಿದ್ದೋರು ಉದ್ಧಾರ ಆಗ್ಯಾರೇನು? ಮುಂದ.”

“ಮಂಗಳವಾರ, ನವಮಿ.”

“ಅದರ ಸುದ್ದೀನೇ ಬ್ಯಾಡ. ಮ್ಯಾಲೆ ಉತ್ತರಕ್ಕ ಶೂಲ.”

ಮಾನವಿಗೆ ದೇವದುರ್ಗ ಉತ್ತರಕ್ಕದ. ಮಂಗಳವಾರ, ಬುಧವಾರ ಉತ್ತರ ದಿಕ್ಕಿಗೆ ಹೊಂಟ್ರ ಎದುರಿಗೆ ಶೂಲ ನೆಟ್ಟಂಗ ಅಂತ ಶಾಸ್ತ್ರ. ಹಿಂಗ ಪ್ರತಿ ವಾರಕ್ಕೂ ಒಂದೊಂದು ದಿಕ್ಕಿಗೆ ಶೂಲ ಅದ.

“ಬುಧವಾರ ದಶಮಿ. ತಿಥಿ ಛಲೋ ಅದ. ಆದ್ರ ಬುಧವಾರನೂ ಉತ್ತರಕ್ಕ ಶೂಲ, ಅಪ್ಪಾ,” ಅಂತ ಆಕೀನೇ ಹೇಳಿದಳು.

“ನೋಡು ಮತ್ತ! ಗುರುವಾರ?”

“ಏಕಾದಶಿ.”

“ನೀರಿಲ್ಲದ ಉಪಾಸ. ತಹಶೀಲ್ದಾರ್ರ ಮುಂದ ಕಣ್ಣಿಗೆ ಕತ್ತಲಿ ಬಂದು ಬಿದ್ರ? ಮುಂದ.”

“ಶುಕ್ರವಾರ, ದ್ವಾದಶಿ.”

“ಮನಿ ಹೆಣ್ಣಮಗಳನ್ನ ಶುಕ್ರವಾರ ಹೊರಗ ಕಳಸ್ತಾರೇನು? ಲಕ್ಷ್ಮಿನ್ನ ನಾನೇ ಕೈಹಿಡದು ಬಸ್ ಹತ್ತಿಸ್ಲೇನು?”

“ಶನಿವಾರ ತ್ರಯೋದಶಿ. ಶೂಲ ಪೂರ್ವಕ್ಕದ. ಉತ್ತರಕ್ಕ ಏನೂ ದೋಷ ಇಲ್ಲ.”

ಇಲ್ಲಿ ಆಚಾರ್ರು ಸಿಕ್ಕಿಬಿದ್ರು. ತಲಿ ಕೆರಕೊಂಡ್ರು, ಶಲ್ಯ ಈ ಹೆಗಲಿಂದ ಆ ಹೆಗಲಿಗೆ ಹಾಕಿದ್ರು, ಬೆರಳ ಮ್ಯಾಲೆ ಏನೋ ಎಣಿಸಿದ್ರು. ಒಮ್ಮಿಂದೊಮ್ಮೆಲೆ ಮಾರಿ ಅರಳಿತು. “ಏ, ಅದು ನಾಕನೇ ಶನಿವಾರ! ಕಚೇರಿ ಸೂಟಿ!” ಪಂಚಾಂಗ ಕೈಕೊಟ್ಟಲ್ಲಿ ಸರ್ಕಾರ ಕೈಹಿಡೀತು. ಮರುದಿನ ಆದಿತ್ಯವಾರ, ಕಚೇರಿ ತಗಿಯಂಗೇ ಇಲ್ಲ. ಸೋಮವಾರ ಅಮಾಸಿ, ಅದನ್ನ ಬಾಯಿಬಿಟ್ಟು ಹೇಳೋದೇ ಬ್ಯಾಡ. ಕಡೀ ಮಂಗಳವಾರ ಮತ್ತ ಶೂಲ.

“ಅಲ್ಲಿಗೆ ಮುಗೀತು,” ಅಂದ್ರು ಆಚಾರ್ರು.

“ಅಲ್ಲಿಗೆ ಆರ್ಡರೂ ಮುಗೀತು,” ಅಂದಳು ಮಗಳು.

“ಅದಕ್ಕ ನಾ ಏನ್ ಮಾಡ್ಲಿ? ಪಂಚಾಂಗ ನಾ ಬರದೀನೇನು?”

ಶ್ರೀವಲ್ಲಿ ಅಪ್ಪನ ಮಾರಿ ನೋಡಿದಳು, ಪುಸ್ತಕಾ ಮುಚ್ಚಿಟ್ಟು ಒಳಗ ಹೋದಳು. ಆಚಾರ್ರಿಗೆ ಆ ರಾತ್ರಿ ಊಟ ರುಚಿ ಹತ್ತಲಿಲ್ಲ, ಆದ್ರೂ ಗೆದ್ದೀನಿ ಅಂತ ಎರಡನೇ ಸಲ ಅನ್ನ ಹಾಕಿಸ್ಕೊಂಡ್ರು.

ವಾರ ಹಂಗೇ ಹೋತು. ಶಿವಗಂಗಾ ಸೋಮವಾರನೇ ಹೋಗಿ ಹಾಜರಾಗಿ ಫೋನ್ ಮಾಡಿದಳು. ಶ್ರೀವಲ್ಲಿ ಅಳಲಿಲ್ಲ, ಕೂಗಲಿಲ್ಲ, ದಿನಾಲು ಪಂಚಾಂಗ ಓದಿದಳು. ಆಚಾರ್ರ ಹೆಂಡತಿ ಸತ್ಯಭಾಮಾಬಾಯಿ ಸೈತ ಒಂದು ಮಾತಾಡಲಿಲ್ಲ, ಮೊರದಾಗ ಅಕ್ಕಿ ಆರಿಸ್ಕೋತ ಕೂತಿದ್ರು. ಆ ಬಾಯಿಯವರು ವಾರಗಟ್ಲೆ ಸುಮ್ಮನಿದ್ದಾರಂದ್ರ ಗಂಡ ಆದವಾ ಹೆದರಬೇಕಿತ್ತು. ಈ ಮನುಷ್ಯಾಗ ತಿಳೀಲಿಲ್ಲ.

ಶನಿವಾರ ಗುಡಿಯಿಂದ ಬಂದು ನೋಡ್ತಾರ, ಪಡಸಾಲಿ ಮೂಲ್ಯಾಗ ಮಗಳು ಅರಿವಿ ತುಂಬಿಟ್ಟಿದ್ದ ಬ್ಯಾಗಿಲ್ಲ.

“ಭಾಮಾ, ವಲ್ಲಿ ಬ್ಯಾಗೆಲ್ಲಿ?”

“ಹೋತು.”

“ಎಲ್ಲಿಗೆ?”

“ದೇವದುರ್ಗಕ್ಕ. ಬೆಳಿಗ್ಗಿ ಎಂಟೂ ಹತ್ತಕ್ಕ ಹೊಂಟತು. ಈಗ ಅಮೀರ್ ಸಾಬ್ರ ಮನಿ ತನಕ ಮುಟ್ಟ್ಯದ.”

ಆಚಾರ್ರಿಗೆ ತಿಳೀತು. ಪ್ರಸ್ಥಾನ! ಹೋಗಬೇಕಾದ ದಿನ ಛಲೋ ಇಲ್ಲಂದ್ರ, ಮೊದಲ ಒಂದು ಛಲೋ ಗಳಿಗಿಯಾಗ ನಮ್ಮ ಅರಿವಿನೋ ಗಂಟೋ ಒಯ್ದು, ಹೋಗೋ ದಿಕ್ಕಿನಾಗ ಇರೋ ಬ್ಯಾರೇಯವರ ಮನಿಯಾಗ ಇಟ್ಟು ಬರೋದು. ಪ್ರಯಾಣ ಅವತ್ತೇ ಶುರು ಆತು ಅಂತ ಲೆಕ್ಕ. ಆಮ್ಯಾಲೆ ಐದು ದಿನದಾಗ ಯಾವಾಗ ಹೊಂಟ್ರೂ ಶೂಲ ತಟ್ಟಂಗಿಲ್ಲ. ಊರಾಗ ನೂರಾರು ಮಂದಿಗೆ ಈ ದಾರಿ ಹೇಳಿಕೊಟ್ಟವರು ಇದೇ ಆಚಾರ್ರು. ಮಗಳಿಗೆ ಹೇಳೋದಷ್ಟೇ ‘ಮರತಿದ್ರು’.

“ಸಾಬ್ರ ಮನ್ಯಾಗೇನು?” ಅಂದ್ರು, ಬ್ಯಾರೇ ಏನೂ ತೋಚಲಾರದ.

“ಮತ್ತ ನಮ್ಮ ಓಣ್ಯಾಗ ಬರೋಬ್ಬರಿ ಉತ್ತರಕ್ಕ ಯಾರ ಮನಿ ಅದ? ಶಾಸ್ತ್ರದಾಗ ದಿಕ್ಕು ಹೇಳ್ಯಾರ್ರೀ, ಮನಿ ಯಾರದಿರಬೇಕಂತ ಹೇಳಿಲ್ಲ. ಹೇಳಿದ್ರ ತೋರಿಸ್ರಿ, ವಲ್ಲಿ ಓದ್ತಾಳ.”

ಅಮೀರ್ ಸಾಬ್ ಆಟೋ ಹೊಡಿಯೋ ಮನುಷ್ಯ, ಇಪ್ಪತ್ತು ವರ್ಷದ ನೆರೆಮನಿಯವ. ಹೆಂಗದ ನೋಡೋಣಂತ ಆಚಾರ್ರು ಅವನ ಮನಿ ಬಾಗಲಿಗೆ ಹೋದ್ರ, ಅವ ಬ್ಯಾಗನ್ನ ಹೊಸಾ ಚಾದರ ಹಾಸಿದ ಕುರ್ಚಿ ಮ್ಯಾಲೆ ಕೂಡ್ರಿಸಿದ್ದ. “ಫಿಕರ್ ಬ್ಯಾಡ ಆಚಾರ್ರ. ನಮ್ಮ ಆಡಿಗೂ ಈ ಕಡಿ ಬರಾಕ ಬಿಟ್ಟಿಲ್ಲ,” ಅಂದ.

ಶಾಸ್ತ್ರದಾಗ ಸೋತ ಮ್ಯಾಲೆ ಸುಮ್ಮನ ಕೂಡಬೇಕಿತ್ತು. ಕೂಡಲಿಲ್ಲ. ಸೋಮವಾರ ಮಧ್ಯಾಹ್ನ ಅವ್ವ ಮಗಳು ಹಿತ್ತಲದಾಗಿದ್ದಾಗ, ಆಚಾರ್ರು ಕಳ್ಳರಂಗ ಹೋಗಿ ಮಗಳ ಫೈಲ್ ಬಿಚ್ಚಿದ್ರು. ಮ್ಯಾಲೇ ಹತ್ತನೇ ಇಯತ್ತೆ ಮಾರ್ಕ್ಸ್ ಕಾರ್ಡ್ ಇತ್ತು, ಮೂಲ ಪ್ರತಿ; ಮಂಜುಗಣ್ಣಿಗೂ ಅದರ ದೊಡ್ಡ ಅಕ್ಷರ ಕಂಡ್ವು. ಹುಟ್ಟಿದ ತಾರೀಖಿಗೆ ಅದೇ ಬೇಕು, ಅದಿಲ್ಲದ ಹಾಜರಿ ಇಲ್ಲ ಅಂತ ಮಗಳು ಫೋನಿನಾಗ ಶಿವಗಂಗಾನ ಮುಂದ ಅಂದದ್ದು ಕೇಳಿದ್ರು. ಅದನ್ನ ತಗದು, ದೇವರ ಮನಿ ಗ್ವಾಡಿ ಮಾಡದಾಗಿನ ಹಳೇ ಪಂಚಾಂಗದ ಗಂಟಿನಾಗ ಸೇರಿಸಿದ್ರು. ಹರೀಲಿಲ್ಲ, ಸುಡಲಿಲ್ಲ, ಜ್ವಾಕಿ ಮಾಡಿ ಇಟ್ಟೀನಿ ಅಷ್ಟೇ ಅಂತ ತಮಗ ತಾವೇ ಹೇಳ್ಕೊಂಡ್ರು.

ಮಂಗಳವಾರ ಬೆಳಿಗ್ಗಿ ಶ್ರೀವಲ್ಲಿ ನೀಲಿ ಸೀರಿ ಉಟ್ಟು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಆಚಾರ್ರಿಗೆ ಆಶೀರ್ವಾದದ ಮಂತ್ರ ಅರ್ಧಕ್ಕ ನಿಂತುಹೋತು. ಮೂವತ್ತು ವರ್ಷ ಮಂದಿ ತಲಿ ಮ್ಯಾಲೆ ಸುರಿದ ಮಂತ್ರ! ಸತ್ಯಭಾಮಾಬಾಯಿ ಮೊಸರು ಸಕ್ಕರಿ ಕೊಟ್ಟು, ಸಾಬ್ರ ಮನಿಯಿಂದ ಬ್ಯಾಗ್ ತಗೊಂಡು, ಮಗಳನ್ನ ಒಂಬತ್ತರ ಬಸ್ಸಿಗೆ ಹತ್ತಿಸಿ ಬಂದ್ರು. ಆಚಾರ್ರು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಕಟ್ಟಿ ಮ್ಯಾಲೇ ಕೂತ್ರು.

ಇರ್ಲಿ, ಹೋಗ್ಲಿ. ಮಧ್ಯಾಹ್ನಕ್ಕ ಕಾಗದ ಇಲ್ಲಂತ ವಾಪಸ್ ಬರ್ತಾಳ. ಎರಡು ದಿನ ಅಳತಾಳ. ಆಮ್ಯಾಲೆ ಎಲ್ಲಾ ಮೊದಲಿನಂಗ. ಹಿಂಗ ಮನಸ್ಸಿನಾಗ ಅನ್ಕೋತ ಕೂತಾಗ ಓಣಿಯ ಹುಲಿಗೇಶ ಬಂದ. ಹಿಟ್ಟಿನ ಗಿರಣಿ ಹೊಸಾದು ಕೂಡ್ರಸ್ತಾನಂತ, ದಿನ ಬೇಕು.

“ಈ ವಾರದಾಗ ಯಾವುದರ ಹೇಳ್ರಿ, ಆಚಾರ್ರ.”

ಆಚಾರ್ರು ಪಂಚಾಂಗ ತೊಡಿ ಮ್ಯಾಲಿಟ್ಕೊಂಡ್ರು. ಹಾಳಿ ತುಂಬ ಬರೇ ಮಂಜು. “ವಲ್ಲೀ, ಬಾ ಇಲ್ಲಿ, ಪಾಡ್ಯ ಎಷ್ಟೊತ್ತಿನ ತನಕ ಅದ ಓದು,” ಅಂತ ಒಳಗ ಕೂಗಿದ್ರು. ಒಳಗಿಂದ ಯಾರೂ ಬರಲಿಲ್ಲ.

“ಆಕಿ ಈಗ ಹೋದಳಲ್ರೀ,” ಅಂದ ಹುಲಿಗೇಶ.

ಅಷ್ಟೇ. ಆಗ ಆಚಾರ್ರಿಗೆ ಹೊಳೀತು. ಮಗಳು ಹೋದಳು ಅಂತಲ್ಲ. ತಾವು ಕುರುಡರಂಗ ಕಣ್ಣು ಮುಚ್ಚಿ ಕೂತಿದ್ರು, ಆಕಿ ಓದಿದ್ಲು. ‘ನವಮಿ’ ಅನ್ನೋದನ್ನ ‘ದಶಮಿ’ ಅಂತ ಓದಿದ್ರ ಇವರಿಗೆ ಏನು ಗೊತ್ತಾಗತಿತ್ತು? ಅಮಾಸಿನ್ನ ಒಂದು ದಿನ ಮುಂದ ಸರಸಿದ್ರ ಯಾರು ಕೇಳತಿದ್ರು? ತನ್ನ ನೌಕರಿಗೆ ಕಲ್ಲು ಬೀಳ್ತದ ಅಂತ ಗೊತ್ತಿದ್ದೂ ‘ಬುಧವಾರನೂ ಶೂಲ ಅದ, ಅಪ್ಪಾ’ ಅಂತ ತಾನೇ ಹೇಳಿದ್ಲು. ಎರಡು ವರ್ಷದಾಗ ಒಂದ ಅಕ್ಷರ ಆಚೀಚೆ ಮಾಡಿಲ್ಲ ಆ ಹುಡುಗಿ. ಅಂಥಾಕಿ ಫೈಲಿಗೆ ಕೈಹಾಕಿ ಕಳವು ಮಾಡಿದವಾ ನಾನು, ಅಪ್ಪ ಅನ್ನಿಸ್ಕೊಂಡವಾ. ಥೂ ನನ್ನ ಜನ್ಮಕ್ಕ ಅಂತ ಅನಿಸಿ ಆಚಾರ್ರಿಗೆ ಕುಂತಲ್ಲಿ ಕೂಡಲಿಕ್ಕಾಗಲಿಲ್ಲ.

“ಗಿರಣಿ ಯಾವಾಗರ ಕೂಡ್ರಸ್ಕೋ ಹೋಗೋ ಮಾರಾಯಾ!” ಅಂತ ಹುಲಿಗೇಶನ ಮ್ಯಾಲೆ ಹಾಯ್ದು, ದೇವರ ಮನಿಗೆ ಓಡಿ, ಗಂಟು ಬಿಚ್ಚಿ, ಮಾರ್ಕ್ಸ್ ಕಾರ್ಡ್ ಎದಿಗವಚ್ಕೊಂಡು, ಉಟ್ಟ ಮಡಿಯಾಗೇ, ಕಾಲಾಗ ಚಪ್ಪಲಿಲ್ಲದ ಅಮೀರ್ ಸಾಬನ ಆಟೋ ಹತ್ತಿ ಕೂತ್ರು.

“ಏನಾತ್ರೀ ಆಚಾರ್ರ? ಮಡಿಯಾಗ ನನ್ನ ಆಟೋ ಹತ್ತೀರಲ್ಲ?”

“ನಡೀರಿ ಅಂದ್ರ ನಡೀರಿ! ದೇವದುರ್ಗದ ಬಸ್ ಹಿಡೀಬೇಕು!”

ಆ ಆಟೋ ಹೋದ ಚಂದ ಮಾನವಿ ಮಂದಿ ಇವತ್ತಿಗೂ ಹೇಳ್ತಾರ. ಶಲ್ಯ ಹೊರಗ ಹಾರಾಡಾಕತ್ತಿತ್ತು, ಜುಟ್ಟು ಬಿಚ್ಚಿತ್ತು, ಆಚಾರ್ರು ಒಂದು ಕೈಲೆ ಕಾಗದ, ಒಂದು ಕೈಲೆ ಧೋತ್ರ ಹಿಡಕೊಂಡು ಎಲ್ಲಾ ದೇವರನ್ನೂ ಕರ್ಯಾಕತ್ತಿದ್ರು. ಅರ್ಧ ತಾಸಿನ ಮ್ಯಾಲೆ ಮುಂದ ಬಸ್ ಕಂಡಿತು. ಕುರಿಹಿಂಡು ಅಡ್ಡ ಬಂದು ನಿಂತಿತ್ತು. ಅಮೀರ್ ಸಾಬ್ ಹಾರ್ನ್ ಮ್ಯಾಲೆ ಕೈಯಿಟ್ಟ.

“ಏ, ಹೊಡೀಬ್ಯಾಡ್ರಿ! ಹೊಂಟವರನ್ನ ಹಿಂದಿಂದ ಕರೀಬಾರದು!”

“ಮತ್ತ ಏನ್ ಮಾಡ್ಲಿ?”

“ಮುಂದ ಹೋಗಿ ಎದುರಿಗೆ ನಿಂದರಬೇಕು!”

“ಆಟೋ ಐತ್ರೀ ಇದು, ವಿಮಾನ ಅಲ್ಲ,” ಅಂದ ಅಮೀರ್ ಸಾಬ್. ಆದ್ರೂ ಕುರಿ ಸಂದಿಯಾಗ, ರಸ್ತೆ ಬಿಟ್ಟು ಕೆಳಗಿಳಿದು, ಕುರಿ ಕಾಯೋನ ಬೈಗಳ ಎಲ್ಲಾ ತಿಂದು, ಬಸ್ ದಾಟಿಸಿಬಿಟ್ಟ. ಆಮ್ಯಾಲೆ ಬಸ್ ನಿಲ್ಲೋ ಸಿರವಾರ ಮುಟ್ಟೋ ತನಕ ಹಿಂದ ನೋಡಲಿಲ್ಲ. ದಾರಿಯಾಗ ಆಚಾರ್ರು ಎಲ್ಲಾ ಒಪ್ಪಿಕೊಂಡ್ರು. ಸಾಬ್ ಗಾಡಿ ಹೊಡಕೋತ ಕೇಳಿ, “ಫೈಲಿಂದ ಬಿದ್ದಿತ್ತು, ಮನ್ಯಾಗ ಸಿಕ್ಕಿತು ಅಂತ ಹೇಳಿಬಿಡ್ರಿ. ಹುಡುಗಿಗೇನು ಗೊತ್ತಾಗತೈತಿ?” ಅಂದ. ಆಚಾರ್ರು ಕಾಗದಾನ್ನ ಮತ್ತಷ್ಟು ಎದಿಗವಚ್ಕೊಂಡ್ರು.

ಸಿರವಾರದ ಬಸ್ ಸ್ಟ್ಯಾಂಡಿನಾಗ ಬಸ್ ಬಂದು ನಿಂತಿತು. ಆಚಾರ್ರು ಮುಂದಿನ ಬಾಗಲಿಂದ ಹತ್ತಿ ಮಗಳ ಎದುರಿಗೆ ನಿಂತ್ರು. ಬಸ್ಸಿನ ಮಂದಿ ಎಲ್ಲಾ ಗೋಣು ಚಾಚಿ ನೋಡಾಕತ್ತಿದ್ರು.

“ಅಪ್ಪಾ! ಏನಾತು? ಅವ್ವಗ ಏನರ ಆತೇನು?”

“ಅವ್ವಗ ಏನೂ ಆಗಿಲ್ಲ. ಇದು ತಗೋ.”

ಶ್ರೀವಲ್ಲಿ ಕಾರ್ಡ್ ನೋಡಿದಳು, ಫೈಲ್ ಬಿಚ್ಚಿ ನೋಡಿದಳು, ಮಾರಿ ಬಿಳುಪೇರಿತು. “ನಿನ್ನಿ ಬೆಳಿಗ್ಗಿ ನಾನೇ ಮ್ಯಾಲೆ ಇಟ್ಟಿದ್ನಲ್ಲ. ಬಿದ್ದಿತ್ತೇನು?”

ಅಮೀರ್ ಸಾಬ್ ಕೆಳಗಿಂದ ಕಿಟಕ್ಯಾಗ ತಲಿ ಹಾಕಿ ಹೂಂ ಅನ್ರಿ ಅಂತ ಗೋಣು ಹಾಕಾಕತ್ತಿದ್ದ.

“ಬಿದ್ದಿದ್ದಿಲ್ಲ,” ಅಂದ್ರು ಆಚಾರ್ರು. “ನಾನೇ ತಗದು ಬಚ್ಚಿಟ್ಟಿದ್ದೆ. ನೀ ಹೋಗಬಾರದಂತ.”

“ಅಯ್ಯ ಯಪ್ಪಾ!” ಅಂದಳು ಬಾಜೂಕ ಕೂತ ಮುದುಕಿ, ತೊಡಿ ಮ್ಯಾಲಿನ ಕೂಸನ್ನ ಎದಿಗೆ ಎಳಕೊಂಡು.

ಶ್ರೀವಲ್ಲಿ ಕಾರ್ಡ್ ಫೈಲಿನಾಗ ಇಟ್ಟು ಗುಂಡಿ ಹಾಕಿದಳು. ಅಪ್ಪನ ಬರಿಗಾಲು ನೋಡಿದಳು, ಧೂಳಾದ ಧೋತ್ರ ನೋಡಿದಳು, ಮಾರಿ ನೋಡಲಿಲ್ಲ. ಕಂಡಕ್ಟರ್ ಸೀಟಿ ಊದಿದ.

“ಇಳೀರಿ ಅಪ್ಪಾ,” ಅಂದಳು.

ಆಚಾರ್ರು ಇಳಿದು ಕಿಟಕಿ ಕೆಳಗ ಬಂದು ನಿಂತ್ರು. “ಸಿಟ್ಟಾದೀ ಏನವಾ?”

“ಹೌದು.”

“ಭಾಳ?”

“ಭಾಳ.”

“ಮತ್ತ ಮನಿಗೆ?” ಅಂದ್ರು ಆಚಾರ್ರು. ದನಿ ಒಡದಿತ್ತು. “ಮುಂದಿನ ವಾರ ದಶಮಿ ದಿನ...”

“ದಿನ ನೀವು ನೋಡಬ್ಯಾಡ್ರಿ,” ಅಂದಳು ಶ್ರೀವಲ್ಲಿ. ಈಗ ಆಕಿ ಕಣ್ಣಾಗೂ ನೀರಿತ್ತು. “ಬರ್ತೀನಿ. ಆದ್ರ ನನಗ ಬರಬೇಕನಿಸಿದ ದಿನ ಬರ್ತೀನಿ.”

ಬಸ್ ಅಲುಗಾಡಿತು. ಆಚಾರ್ರು ಕಿಟಕಿ ಸರಳು ಹಿಡಕೊಂಡು, ಬರಿಗಾಲಲೆ ನಾಕ್ಹೆಜ್ಜಿ ಜೋಡಿ ಓಡಿದ್ರು.

“ಯಾವತ್ತರ ಬಾ ವಲ್ಲೀ,” ಅಂದ್ರು. “ಅಮಾಸಿ ದಿನ ಬಂದ್ರೂ ಆತು, ಬಾ.”